ರಸ್ತೆಯಾಚೆಯ ಚಾಲನೆ ಮತ್ತು ಫೋರ್ ವೀಲ್ ಬಳಕೆ: ಕಡೂರು–ತರೀಕೆರೆ–ಅಜ್ಜಂಪುರ ಸೀಮೆ

ರಸ್ತೆಯಾಚೆಯ ಚಾಲನೆ ಎಂದರೆ ಡಾಂಬರು, ಕಾಂಕ್ರೀಟು ಮುಗಿದ ಮೇಲೆ ಸಿಗುವ ನೆಲದಲ್ಲಿ ಮೋಟಾರು ವಾಹನ ನಡೆಸುವುದು. ಹೊಲದ ಓಣಿ, ಕಾವಲಿನ ಬಂಡಿಜಾಡು, ಹಳ್ಳದ ಮರಳು, ತೋಟದ ಏರುದಾರಿ, ಕಾಡಂಚಿನ ಕಚ್ಚಾ ರಸ್ತೆ ಎಲ್ಲವೂ ಇದರಲ್ಲಿ ಸೇರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಇಂಥ ನೆಲದ ಮೂರು ಬಗೆಗಳು ಅಕ್ಕಪಕ್ಕದಲ್ಲೇ ಇವೆ. ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇನಲ್ಲೂರಿನ ಸುತ್ತ ಬಯಲುಸೀಮೆ, ಬೆದ್ದಲು, ತೆಂಗಿನ ತೋಟ, ಹುಲ್ಲುಗಾವಲು. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ಎರೆ ಹೊಲ. ತರೀಕೆರೆಯಿಂದ ಲಿಂಗದಹಳ್ಳಿ ದಾಟಿದರೆ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣಿನ ಏರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಬಯಲಿನಿಂದ ಅದರ ಮೂರ‍್ನಾಲ್ಕು ಪಟ್ಟು ಮಳೆ ಸುರಿಯುವ ಬೆಟ್ಟಕ್ಕೆ ಅರ್ಧ ದಿನದಲ್ಲಿ ಹೋಗಿಬರಬಹುದು. ಹೀಗಾಗಿ ಒಂದೇ ಜೀಪು, ಒಂದೇ ಚಾಲಕ, ಒಂದೇ ದಿನದಲ್ಲಿ ಮೂರು ಬೇರೆ ಬೇರೆ ತೀರ್ಮಾನಗಳನ್ನು ಮಾಡಬೇಕಾಗುತ್ತದೆ. ಆ ತೀರ್ಮಾನಗಳಿಗೆ ಆಧಾರವೇನು ಎಂಬುದೇ ಈ ಲೇಖನದ ವಿಷಯ. ಗಾಡಿಗೆ ಎಷ್ಟು ತಾಕತ್ತಿದೆ ಎಂದು ಕೇಳಿ ಹೊರಡುವುದು ಸಾಮಾನ್ಯ ರೂಢಿ. ಈ ಸೀಮೆಯ ರೈತ ಹೊಲಕ್ಕೆ ನೇಗಿಲು ಇಳಿಸುವ ಮುನ್ನ ಕೇಳುವುದು ಬೇರೆ ಪ್ರಶ್ನೆ: ನೆಲ ಹದಕ್ಕೆ ಬಂದಿದೆಯೇ? ಫೋರ್ ವೀಲ್ (ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಗಾಲಿಗೆ ಹಾಯಿಸುವ ಏರ್ಪಾಟು) ಹಾಕಬೇಕೇ, ಯಾವಾಗ ಹಾಕಬೇಕು, ಹೋಗಲೇಬಾರದೇ ಎಂಬುದನ್ನೂ ಇದೇ ಪ್ರಶ್ನೆಯಿಂದ ತೀರ್ಮಾನಿಸಬೇಕು.

ಫೋರ್ ವೀಲ್ ಏನು ಮಾಡುತ್ತದೆ ಎಂಬುದು ಸರಳ ಲೆಕ್ಕದಿಂದಲೇ ತಿಳಿಯುತ್ತದೆ. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಗಾಡಿಯೊಂದು ಮಳೆಯಲ್ಲಿ ನೆನೆದ ಕೆಂಪು ಮಣ್ಣಿನ ಏರಿನಲ್ಲಿ ನಿಂತಿದೆ ಎನ್ನೋಣ. ಹತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರು. ಅದನ್ನು ಹತ್ತಲು ತೂಕದ ಹತ್ತನೇ ಒಂದು ಭಾಗ, ಅಂದರೆ 170 ಕಿಲೋ ಎಳೆತ ಬೇಕು. ಮೆತ್ತನೆಯ ಮಣ್ಣು ಗಾಲಿಯನ್ನು ಹಿಡಿದೆಳೆಯುವುದಕ್ಕೆ ಇನ್ನೂ ಅಷ್ಟೇ ಬೇಕೆಂದರೆ ಒಟ್ಟು 340 ಕಿಲೋ. ಟೈರು ತನ್ನ ಮೇಲಿನ ತೂಕದ ಹತ್ತರಲ್ಲಿ ಮೂರು ಪಾಲಿನಷ್ಟು ಮಾತ್ರ ಹಿಡಿತ ಕೊಡುವ ನೆಲದಲ್ಲಿ ಹಿಂದಿನ ಎರಡು ಗಾಲಿಗಳು, ಅವುಗಳ ಮೇಲೆ 850 ಕಿಲೋ ಇದ್ದರೆ, 255 ಕಿಲೋ ಎಳೆಯಬಲ್ಲವು. ಬೇಕಾದದ್ದು ಅದಕ್ಕಿಂತ ಹೆಚ್ಚು, ಆದ್ದರಿಂದ ಗಾಲಿ ಅಲ್ಲೇ ಸುತ್ತುತ್ತದೆ. ನಾಲ್ಕೂ ಗಾಲಿಗೆ ಶಕ್ತಿ ಹಂಚಿದರೆ 510 ಕಿಲೋ ಎಳೆತ ಕೈಗೆ ಬರುತ್ತದೆ. ಪ್ರತಿ ಗಾಲಿಯೂ ತನ್ನ ಹಿಡಿತದ ಮೂರನೇ ಎರಡು ಪಾಲನ್ನಷ್ಟೇ ಬಳಸಿ, ಸುತ್ತದೆ, ಜಾರದೆ, ನಡೆದುಹೋದ ಹಾಗೆ ಏರುತ್ತದೆ. ಇಲ್ಲಿ ಎಂಜಿನ್ನಿನ ಶಕ್ತಿ ಒಂದಿಷ್ಟೂ ಹೆಚ್ಚಿಲ್ಲ, ಇದ್ದ ಶಕ್ತಿ ಹೆಚ್ಚು ನೆಲದ ಮೇಲೆ ಹಂಚಿಹೋಗಿದೆ. ಗಾಲಿ ಉರುಳುವುದರಿಂದ ನೆಲಕ್ಕೆ ಆಗುವ ಗಾಯಕ್ಕಿಂತ ಗಾಲಿ ನಿಂತಲ್ಲೇ ಸುತ್ತುವುದರಿಂದ ಆಗುವ ಗಾಯ ಬಹಳ ಹೆಚ್ಚು. ಸುತ್ತುವ ಟೈರು ಮೇಲಿನ ಬೇರುಪದರವನ್ನು ಹರಿದು, ಕೆಳಗಿನ ಜೇಡಿಯನ್ನು ಉಜ್ಜಿ ನುಣುಪು ಮಾಡಿ, ತಾನೇ ತೋಡಿದ ಗುಂಡಿಗೆ ತಾನೇ ಇಳಿಯುತ್ತದೆ. ಆದ್ದರಿಂದ ಫೋರ್ ವೀಲಿನ ಮೊದಲ ಉಪಯೋಗ ನೆಲವನ್ನು ಸುತ್ತುಗಾಲಿಯಿಂದ ಕಾಪಾಡುವುದು. ಹೆಚ್ಚು ದೂರ ಹೋಗುವುದು ಅದರ ಜೊತೆಗೆ ಸಿಗುವ ಅನುಕೂಲ.

ಈ ಮಾತನ್ನು ಒಪ್ಪಿದರೆ ಚಾಲಕರಲ್ಲಿ ಬೇರೂರಿರುವ ಒಂದು ಅಭ್ಯಾಸವನ್ನು ಬಿಡಬೇಕಾಗುತ್ತದೆ. ಟೂ ವೀಲಿನಲ್ಲೇ ನುಗ್ಗು, ಹೂತುಕೊಂಡರೆ ಫೋರ್ ವೀಲ್ ಹಾಕಿ ಹೊರಗೆ ಬಾ, ಅದು ಆಪತ್ತಿಗೆ ಇಟ್ಟ ದುಡ್ಡು ಎಂಬ ಮಾತು ಜೀಪು ಓಡಿಸುವವರಲ್ಲಿ ಚಾಲ್ತಿಯಲ್ಲಿದೆ. ಇದಕ್ಕೆ ಅವರು ಕೊಡುವ ಕಾರಣಗಳೂ ಇವೆ. ಫೋರ್ ವೀಲ್ ಹಾಕಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಗೇರುಗಳು ಸವೆಯುತ್ತವೆ, ಟೂ ವೀಲಿನಲ್ಲಿ ಸಿಕ್ಕಿಕೊಂಡವನಿಗೆ ಹೊರಬರುವ ದಾರಿ ಇರುತ್ತದೆ, ಫೋರ್ ವೀಲಿನಲ್ಲೇ ಸಿಕ್ಕಿಕೊಂಡವನಿಗೆ ಟ್ರ್ಯಾಕ್ಟರೇ ಗತಿ. ಕೊನೆಯ ಕಾರಣದಲ್ಲಿ ನಿಜಾಂಶವಿದೆ. ಎಷ್ಟು ಮುಂದೆ ಹೋಗಬೇಕು ಎಂಬುದಕ್ಕೆ ಅದು ಒಳ್ಳೆಯ ಎಚ್ಚರಿಕೆ, ಯಾವಾಗ ಹಾಕಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಗಾಲಿ ಸುತ್ತಿ ಅಚ್ಚಿನವರೆಗೆ ಹೂತ ಮೇಲೆ ನಾಲ್ಕು ಗಾಲಿ ತಿರುಗಿದರೂ ಮುಂದಿನ ಎರಡಕ್ಕೆ ಹಿಂದಿನ ಗುಂಡಿಯಿಂದ ಗಾಡಿಯನ್ನು ಎತ್ತುವ ಕೆಲಸ ಬೀಳುತ್ತದೆ. ಅಷ್ಟು ಹಿಡಿತ ಆ ನೆಲದಲ್ಲಿ ಇದ್ದಿದ್ದರೆ ಮೊದಲೇ ಹೂಳುತ್ತಿರಲಿಲ್ಲ. ಗೇರು ಸವೆಯುವುದು ಸಡಿಲ ನೆಲದ ಮೇಲೆ ಕೆಲವು ಕಿಲೋಮೀಟರ್ ಫೋರ್ ವೀಲಿನಲ್ಲಿ ಓಡಿದ್ದರಿಂದ ಅಲ್ಲ. ಸುತ್ತುತ್ತಿದ್ದ ಗಾಲಿ ಥಟ್ಟನೆ ಕಲ್ಲಿಗೆ ಕಚ್ಚಿಕೊಂಡಾಗ ಆಗುವ ಹೊಡೆತಕ್ಕೆ ಆಕ್ಸಲ್ಲು ಮುರಿಯುತ್ತದೆ. ಹಾಗಾಗಿ ಸಡಿಲ ನೆಲ, ಏರು, ಮರಳು, ಕೆಸರು ಕಣ್ಣಿಗೆ ಬಿದ್ದ ಕೂಡಲೇ, ಗಾಲಿ ಜಾರುವ ಮುನ್ನವೇ, ಗಟ್ಟಿ ನೆಲದ ಮೇಲೆ ನಿಂತು ಫೋರ್ ವೀಲ್ ಹಾಕಿಕೊಳ್ಳುವುದು ಸರಿಯಾದ ಕ್ರಮ. ಗಟ್ಟಿ ನೆಲ ಮತ್ತೆ ಸಿಕ್ಕ ಕೂಡಲೇ ತೆಗೆಯುವುದೂ ಅದರ ಭಾಗವೇ.

ತೆಗೆಯುವುದು ಏಕೆ ಮುಖ್ಯ ಎಂಬುದಕ್ಕೆ ಗಾಡಿಯ ಒಳರಚನೆಯಲ್ಲಿ ಕಾರಣವಿದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಥಾರ್, ಜಿಪ್ಸಿ, ಜಿಮ್ನಿಗಳಂಥ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳು ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ, ಆ ವ್ಯತ್ಯಾಸವನ್ನು ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಮಣ್ಣಿನ ಮೇಲಾದರೆ ಟೈರು ತುಸು ಜಾರಿ ಬಿಗಿತ ಸಡಿಲವಾಗುತ್ತದೆ. ಡಾಂಬರಿನ ಮೇಲೆ ಆ ಬಿಗಿತ ಕಳೆಯುವ ದಾರಿಯೇ ಇಲ್ಲ. ಸ್ಟಿಯರಿಂಗ್ ಬಿರುಸಾಗುತ್ತದೆ, ಗಾಡಿ ತಿರುವಿನಿಂದ ಹೊರಕ್ಕೆ ಎಳೆಯುತ್ತದೆ, ಗೇರುಪೆಟ್ಟಿಗೆ ನರಳುತ್ತದೆ. ಮಳೆಯಲ್ಲಿ ಕಲ್ಲತ್ತಿಗಿರಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ಡಾಂಬರು ತಿರುವುಗಳಲ್ಲಿ ಸುರಕ್ಷಿತವೆಂದು ಇಂಥ ಫೋರ್ ವೀಲ್ ಹಾಕಿಕೊಳ್ಳುವುದು ತಪ್ಪು. ಅಲ್ಲಿ ಬೇಕಾದದ್ದು ಒಳ್ಳೆಯ ಟೈರು ಮತ್ತು ನಿಧಾನ. ನಡುವೆ ಡಿಫರೆನ್ಷಿಯಲ್ ಇರುವ ಅಥವಾ ಬೇಕಾದಾಗ ತಾನಾಗಿ ಶಕ್ತಿ ಹಂಚುವ ಆಲ್ ವೀಲ್ ಡ್ರೈವ್ ಕಾರುಗಳಿಗೆ ಈ ತೊಂದರೆಯಿಲ್ಲ. ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಬೇಕು. ಫೋರ್ ವೀಲ್ ಗಾಡಿ ಬೇಗ ನಿಲ್ಲುತ್ತದೆ ಎಂದು ತಿಳಿದವರಿದ್ದಾರೆ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗೇ ಹಿಡಿಯುವುದರಿಂದ ನಿಲ್ಲುವ ವಿಷಯದಲ್ಲಿ ಫೋರ್ ವೀಲಿಗೆ ಯಾವ ಮೇಲುಗೈಯೂ ಇಲ್ಲ. ಹೊರಡಲು ಸುಲಭವಾಗುವುದರಿಂದ ನೆಲ ಎಷ್ಟು ಜಾರುತ್ತಿದೆ ಎಂಬುದು ಚಾಲಕನಿಗೆ ಗೊತ್ತೇ ಆಗದೆ, ಬ್ರೇಕು ತುಳಿದಾಗ ಮಾತ್ರ ಗೊತ್ತಾಗುತ್ತದೆ.

ಲೋ ಗೇರಿನ ಮಾತು ಬೇರೆ. ಫೋರ್ ಲೋ ಎಂದರೆ ಎಂಜಿನ್ನಿನ ತಿರುವುಬಲವನ್ನು ಇನ್ನೂ ಎರಡು, ಎರಡೂವರೆ ಪಟ್ಟು ಹೆಚ್ಚಿಸಿ, ವೇಗವನ್ನು ಅಷ್ಟೇ ಪಟ್ಟು ತಗ್ಗಿಸುವ ಏರ್ಪಾಟು. ಕೆಸರಿನಲ್ಲಿ ಬಲ ಹೆಚ್ಚಿದರೆ ಗಾಲಿ ಇನ್ನಷ್ಟು ಸುತ್ತುವುದರಿಂದ ಅಲ್ಲಿ ಅದರಿಂದ ಹೆಚ್ಚಿನ ಲಾಭವಿಲ್ಲ. ಲೋ ಗೇರಿನ ನಿಜವಾದ ಜಾಗ ಕಡಿದಾದ ಇಳಿಜಾರು. ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ನಾಲ್ಕೂ ಗಾಲಿಗೆ ಆ ಹಿಡಿತ ಸಮನಾಗಿ ಹಂಚುತ್ತದೆ. ಚಾಲಕ ಬ್ರೇಕನ್ನು ಮುಟ್ಟದಿದ್ದರೆ ಗಾಲಿ ಲಾಕಾಗಿ ಜಾರುವ ಭಯವಿಲ್ಲ. ಕ್ಲಚ್ ತುಳಿದರೆ ಮಾತ್ರ ಎಲ್ಲವೂ ಕೈತಪ್ಪುತ್ತದೆ. ಪ್ರತಿ ಆಕ್ಸಲ್ಲಿನಲ್ಲಿರುವ ಮಾಮೂಲು ಡಿಫರೆನ್ಷಿಯಲ್ಲಿಗೂ ಒಂದು ಮಿತಿ ಇದೆ. ಅದು ಆಕ್ಸಲ್ಲಿನ ಎರಡೂ ಗಾಲಿಗೆ ಸಮ ಬಲ ಕೊಡುತ್ತದೆ, ಒಂದು ಗಾಲಿ ಗಾಳಿಯಲ್ಲಿದ್ದರೆ ನೆಲದಲ್ಲಿರುವ ಗಾಲಿಗೂ ಸಿಗುವುದು ಆ ಅತ್ಯಲ್ಪ ಬಲವೇ. ಕೊರಕಲು ದಾಟುವಾಗ ಅಡ್ಡಮೂಲೆಯ ಎರಡು ಗಾಲಿ ಎತ್ತಿಹೋದರೆ ಫೋರ್ ವೀಲ್ ಗಾಡಿಯೂ ನಿಂತುಬಿಡುತ್ತದೆ. ಲಾಕ್ ಆಗುವ ಡಿಫರೆನ್ಷಿಯಲ್ಲು, ಸುತ್ತುವ ಗಾಲಿಗೆ ಮಾತ್ರ ಬ್ರೇಕು ಹಿಡಿಯುವ ಎಲೆಕ್ಟ್ರಾನಿಕ್ ಏರ್ಪಾಟು ಬಂದಿರುವುದು ಇದಕ್ಕಾಗಿ.

ಗಾಡಿಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪಿಸಿದರೆ ಸಾಕು. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಿಂದ ಭಾರತದಲ್ಲಿ ಜೋಡಿಸತೊಡಗಿತು. ಮಾರುತಿ ಜಿಪ್ಸಿ 1985ರಲ್ಲಿ, ಥಾರ್ 2010ರಲ್ಲಿ, ಅದರ ಹೊಸ ರೂಪ 2020ರಲ್ಲಿ, ಜಿಮ್ನಿ 2023ರಲ್ಲಿ ಬಂದವು. ಮಲೆನಾಡಿನ ತೋಟಗಳಲ್ಲಿ ಜೀಪು ಗೊಬ್ಬರ, ಕಾಫಿ, ಆಳುಗಳನ್ನು ಸಾಗಿಸುವ ದುಡಿಮೆಯ ಗಾಡಿ. ಹೊಸ ಪೀಳಿಗೆಯ ಗಾಡಿಗಳು ಹೆಚ್ಚಾಗಿ ನಗರದಿಂದ ವಾರಾಂತ್ಯಕ್ಕೆ ಬರುತ್ತವೆ. ಜೀಪಿನ ಆಕಾರವಿರುವ ಎಲ್ಲದಕ್ಕೂ ಫೋರ್ ವೀಲ್ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹಳೆಯ ಕಮಾಂಡರ್, ಬೊಲೆರೊಗಳಲ್ಲಿ ಬಹುಪಾಲು ಟೂ ವೀಲ್, ಥಾರ್ ಕೂಡ 2023ರಿಂದ ಟೂ ವೀಲಿನಲ್ಲೂ ಸಿಗುತ್ತದೆ.

ಈಗ ನೆಲಕ್ಕೆ ಬರೋಣ. ಫೋರ್ ವೀಲಿನ ಮಿತಿಯನ್ನು ಈ ಸೀಮೆಯಲ್ಲಿ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಅಜ್ಜಂಪುರದ ಎರೆ ಮಣ್ಣು. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಬಿರಿಯುವ ಜೇಡಿ ಅದರಲ್ಲಿ ತುಂಬಿದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟ ಹೊಲದ ಮೇಲೆ ಯಾವ ಕಾರೂ ಓಡುತ್ತದೆ. ಹಸ್ತ, ಚಿತ್ತೆ ಮಳೆಗಳಲ್ಲಿ ಅದೇ ಹೊಲಕ್ಕೆ ಗಾಡಿ ಇಳಿದಾಗ ಏನಾಗುತ್ತದೆಂದು ಹತ್ತಿರದಿಂದ ನೋಡಬೇಕು. ಮೊದಲ ಸುತ್ತಿನಲ್ಲಿ ಮಣ್ಣು ಟೈರಿನ ಹಲ್ಲುಗಳ ಸಂದಿಗೆ ಕಣಕದ ಹಾಗೆ ಒತ್ತಿಕೊಳ್ಳುತ್ತದೆ. ಎರಡನೇ ಸುತ್ತಿಗೆ ಸಂದಿಗಳು ತುಂಬಿ ಟೈರು ನುಣ್ಣನೆಯ ಕರಿ ಉಂಡೆಯಾಗುತ್ತದೆ. ಮೂರನೇ ಸುತ್ತಿಗೆ ಆ ಉಂಡೆ ಮಡ್‌ಗಾರ್ಡಿಗೆ ತಾಗಿ ಗಾಲಿಯ ತಿರುಗುವಿಕೆಗೇ ತಡೆಯಾಗುತ್ತದೆ. ಎರೆ ಈಗ ಎರೆಯ ಮೇಲೆಯೇ ಜಾರುತ್ತಿದೆ, ಟೈರಿಗೂ ನೆಲಕ್ಕೂ ಸಂಬಂಧವೇ ಕಡಿದುಹೋಗಿದೆ. ಎರಡು ಗಾಲಿಯ ಬದಲು ನಾಲ್ಕು ಗಾಲಿ ಸುತ್ತಿದರೆ ಎರಡು ಗುಂಡಿಯ ಬದಲು ನಾಲ್ಕು ಗುಂಡಿ. ಮೇಲಿನ ಲೆಕ್ಕದಲ್ಲಿ ಹಿಡಿತದ ಪಾಲು ಹತ್ತರಲ್ಲಿ ಮೂರರಿಂದ ಒಂದಕ್ಕೆ ಇಳಿದರೆ ನಾಲ್ಕು ಗಾಲಿಯಿಂದ ಸಿಗುವುದು 170 ಕಿಲೋ ಎಳೆತ ಮಾತ್ರ, ಮಟ್ಟಸವಾದ ನೆಲದಲ್ಲಿ ಕೆಸರಿನ ತಡೆಯನ್ನು ಮೀರುವುದಕ್ಕೂ ಅದು ಸಾಲದು. ಇಲ್ಲಿ ಸರಿಯಾದ ಗೇರು ಯಾವುದು ಎಂಬ ಪ್ರಶ್ನೆಗೇ ಅರ್ಥವಿಲ್ಲ. ಮಳೆ ನಿಂತ ಮೇಲೆ ಬಿಸಿಲು ನೋಡಿ ಒಂದೆರಡು ದಿನ ಕಾಯುವುದೊಂದೇ ದಾರಿ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಅದು ಅಂಗೈಗೆ ಮೆತ್ತಿಕೊಂಡರೆ ಹೊಲಕ್ಕೆ ಹೋಗಬಾರದು, ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರಿದರೆ ಹದ ಬಂದಿದೆ ಎಂದು ರೈತ ನೋಡುವ ಪರೀಕ್ಷೆಯೇ ಜೀಪಿಗೂ ಸಾಕು. ಅರ್ಧ ನಿಮಿಷವೂ ಬೇಡದ ಈ ಪರೀಕ್ಷೆ ಯಾವ ಡ್ಯಾಶ್‌ಬೋರ್ಡಿನ ಸೂಚಕಕ್ಕಿಂತಲೂ ನಂಬಿಕೆಗೆ ಯೋಗ್ಯ.

ಹದ ತಪ್ಪಿ ತುಳಿದ ಮಣ್ಣಿಗೆ ಆಗುವ ನಷ್ಟ ಮೇಲೆ ಕಾಣುವ ಗುಂಡಿಯಷ್ಟೇ ಅಲ್ಲ. ತೇವದ ಮಣ್ಣು ಭಾರಕ್ಕೆ ಒತ್ತಿಕೊಂಡಾಗ ಅದರೊಳಗಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ, ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಈ ಒತ್ತಡದ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲೇ ಆಗಿಬಿಡುತ್ತದೆ ಎಂಬುದು ಮಣ್ಣುವಿಜ್ಞಾನದ ಸ್ಥಾಪಿತ ತಿಳಿವಳಿಕೆ. ಒಂದು ಸಲ ಹೋದರೆ ಏನಾಯಿತು ಎಂಬ ಸಮಾಧಾನಕ್ಕೆ ಅದರಿಂದಾಗಿ ಬುಡವಿಲ್ಲ. ಇದೇ ಕಾರಣಕ್ಕೆ ಇರುವ ಜಾಡಿನಲ್ಲೇ ಹೋಗುವುದು, ಕೆಸರಿದ್ದರೂ ಪಕ್ಕಕ್ಕೆ ಸರಿಯದಿರುವುದು ಜವಾಬ್ದಾರಿಯ ಚಾಲನೆಯ ಮೊದಲ ನಿಯಮವಾಗುತ್ತದೆ. ಹಳೆಯ ಜಾಡು ಈಗಾಗಲೇ ಒತ್ತಿಹೋಗಿದೆ, ಅಲ್ಲಿ ಕಳೆದುಕೊಳ್ಳುವುದು ಕಡಿಮೆ. ಒಬ್ಬ ಕೆಸರು ತಪ್ಪಿಸಲು ಹುಲ್ಲಿನ ಮೇಲೆ ಹತ್ತಿದರೆ ಮುಂದಿನವನು ಆ ಹೊಸ ಕೆಸರನ್ನು ತಪ್ಪಿಸಲು ಇನ್ನೂ ಆಚೆ ಹತ್ತುತ್ತಾನೆ, ಒಂದು ಮಳೆಗಾಲದಲ್ಲಿ ಎಂಟಡಿಯ ಬಂಡಿಜಾಡು ನಲವತ್ತು ಅಡಿಯ ರಾಡಿಯಾಗುತ್ತದೆ. ಇಳಿಜಾರಿನಲ್ಲಿ ಗಾಲಿಯ ಗೆರೆಯೇ ನೀರಿನ ಕಾಲುವೆ. ಎರಡು ಮೂರು ಜೋರು ಮಳೆಗೆ ಅದು ಕೊರಕಲಾಗಿ, ಹೊತ್ತ ಮಣ್ಣನ್ನು ತಗ್ಗಿನ ಕೆರೆಗೆ ತಂದು ಸುರಿಯುತ್ತದೆ. ಮದಗದ ಕೆರೆ, ಅಯ್ಯನಕೆರೆಗಳ ನೀರನ್ನು ನಂಬಿದ ಕಡೂರು ತಾಲ್ಲೂಕಿನಲ್ಲಿ ಕೆರೆಯ ಹೂಳು ಯಾರಿಗೂ ಸಂಬಂಧಿಸದ ವಿಷಯವಲ್ಲ.

ಹುಲ್ಲುಗಾವಲಿನ ಪ್ರಶ್ನೆ ಇನ್ನೂ ಸೂಕ್ಷ್ಮ, ಏಕೆಂದರೆ ಕಾವಲು ನೋಡಿದವರಿಗೆ ಖಾಲಿ ಜಾಗದ ಹಾಗೆ ಕಾಣುತ್ತದೆ. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಇಲಾಖೆಗೆ ಈ ಕಾವಲುಗಳು ಸೇರಿದ್ದವು. ಫಿರಂಗಿ, ಮದ್ದುಗುಂಡಿನ ಬಂಡಿಗಳನ್ನು ದಾರಿಯಿಲ್ಲದ ಕಡೆಯೂ ಎಳೆದೊಯ್ಯುವ ಎತ್ತುಗಳನ್ನು ಇಲ್ಲಿ ಬೆಳೆಸುತ್ತಿದ್ದರು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ, ಒಂದರಲ್ಲಿ ಮಂದೆ ಮೇಯುವಾಗ ಇನ್ನೊಂದಕ್ಕೆ ಬಿಡುವು ಕೊಡುವ ಪದ್ಧತಿ ಅಲ್ಲಿತ್ತು. ರಸ್ತೆಯಾಚೆ ಎಳೆಯುವ ಶಕ್ತಿಯನ್ನೇ ಸಾಕಿದ ಇಲಾಖೆ ನೆಲಕ್ಕೆ ವಿಶ್ರಾಂತಿ ಬೇಕೆಂಬುದನ್ನು ಆಡಳಿತದ ನಿಯಮ ಮಾಡಿಕೊಂಡಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನ ಸುಮಾರು 736 ಹೆಕ್ಟೇರ್ ಪ್ರದೇಶವನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಕೃಷ್ಣಮೃಗದ ಎಳೆಮರಿ ಅಪಾಯ ಬಂದಾಗ ಓಡುವುದಿಲ್ಲ. ಹುಲ್ಲಿನಲ್ಲಿ ಕತ್ತು ನೆಲಕ್ಕೊತ್ತಿ ಅಲುಗದೆ ಮಲಗುತ್ತದೆ. ತೋಳನ ಕಣ್ಣಿನಿಂದ ಅದನ್ನು ಉಳಿಸುವ ಈ ಉಪಾಯವೇ ಗಾಲಿಯ ಎದುರು ಅದಕ್ಕೆ ಮೃತ್ಯು. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ಬರಿಯ ನೆಲದ ಮೇಲೆ ನಾಲ್ಕು ಮೊಟ್ಟೆ ಇಡುತ್ತದೆ. ಬೂದು, ಕಂದು ಮಚ್ಚೆಯ ಆ ಮೊಟ್ಟೆಗಳನ್ನು ಬಗ್ಗಿ ನೋಡಿದರೂ ಬೆಣಚುಕಲ್ಲಿನಿಂದ ಬೇರೆ ಮಾಡುವುದು ಕಷ್ಟ. ಸ್ಟಿಯರಿಂಗ್ ಹಿಂದೆ ಕೂತ ಯಾರಿಗೂ ಅವು ಕಾಣಲಾರವು. ಎಷ್ಟೇ ಎಚ್ಚರದ ಚಾಲಕನಾದರೂ ಜಾಡು ಬಿಟ್ಟು ಹುಲ್ಲಿಗೆ ಇಳಿದ ಮೇಲೆ ತಾನು ಏನನ್ನು ತುಳಿಯುತ್ತಿದ್ದೇನೆಂದು ತಿಳಿಯುವ ಉಪಾಯ ಅವನಿಗಿಲ್ಲ. ಇಲ್ಲಿ ಎಚ್ಚರ ಸಾಲದು, ಹುಲ್ಲಿಗೆ ಇಳಿಯದಿರುವುದೇ ಬೇಕು.

ಇದಕ್ಕೆ ಎರಡು ಬಲವಾದ ಆಕ್ಷೇಪಗಳಿವೆ. ದನ, ಕುರಿ ಸಾವಿರಗಟ್ಟಲೆ ತುಳಿಯುತ್ತವೆ, ಟ್ರ್ಯಾಕ್ಟರು ದಿನವೂ ಓಡುತ್ತದೆ, ಒಂದು ಜೀಪಿನಿಂದ ಏನು ಎಂಬುದು ಮೊದಲನೆಯದು. ದನದ ಗೊರಸು ಒತ್ತುವ ಜಾಗದಲ್ಲಿ ಟೈರಿಗೆ ಸರಿಸಮನಾಗಿಯೇ ಒತ್ತುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಗೊರಸು ಬಿಡುವುದು ಚುಕ್ಕೆಗಳನ್ನು, ಟೈರು ಬಿಡುವುದು ಎಡೆಬಿಡದ ಗೆರೆಯನ್ನು. ಚುಕ್ಕೆಯಲ್ಲಿ ನೀರು ನಿಲ್ಲುತ್ತದೆ, ಗೆರೆಯಲ್ಲಿ ಹರಿಯುತ್ತದೆ. ಅತಿಮೇವಿನಿಂದಲೂ ಕಾವಲು ಕೆಡುತ್ತದೆ ಎಂಬುದು ನಿಜ, ಬಿಡುವಿನ ಪದ್ಧತಿ ಹುಟ್ಟಿದ್ದೇ ಅದಕ್ಕಾಗಿ. ಟ್ರ್ಯಾಕ್ಟರಿನ ವಿಷಯದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಹದ ತಪ್ಪಿ ಹೊಲಕ್ಕೆ ಟ್ರ್ಯಾಕ್ಟರು ಇಳಿಸಿದ ರೈತ ಆ ವರ್ಷದ ಫಸಲಿನಲ್ಲೇ ಅದರ ಬೆಲೆ ತೆರುತ್ತಾನೆ, ಆದ್ದರಿಂದ ಕಾಯುತ್ತಾನೆ. ಬಂದುಹೋಗುವ ಗಾಡಿಯ ತಪ್ಪಿಗೆ ಬೆಲೆ ತೆರುವವರು ಕುರಿಗಾರರು, ಪಕ್ಕದ ಹೊಲದವರು, ಕೆರೆಯ ಕೆಳಗಿನವರು. ನಷ್ಟ ತನ್ನದಲ್ಲದವನಿಗೆ ಕಾಯುವ ಒತ್ತಾಯ ತಾನಾಗಿ ಹುಟ್ಟುವುದಿಲ್ಲ, ಅದನ್ನು ನಿಯಮವಾಗಿ ಕಟ್ಟಿಕೊಳ್ಳಬೇಕು. ಹುಲ್ಲು ಮತ್ತೆ ಚಿಗುರುತ್ತದೆ ಎಂಬುದು ಎರಡನೇ ಆಕ್ಷೇಪ. ಹುಲ್ಲು ಚಿಗುರುತ್ತದೆ, ಒತ್ತಿಹೋದ ಮಣ್ಣು ಅಷ್ಟು ಬೇಗ ಸಡಿಲಗೊಳ್ಳುವುದಿಲ್ಲ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ 1942ರಿಂದ 1944ರವರೆಗೆ ಸೈನ್ಯ ತರಬೇತಿಗಾಗಿ ಓಡಿಸಿದ ಟ್ಯಾಂಕುಗಳ ಜಾಡು ಇಂದಿಗೂ ಕಣ್ಣಿಗೆ ಕಾಣುತ್ತದೆ. ಐಸ್‌ಲ್ಯಾಂಡಿನಲ್ಲಿ ಪಾಚಿಯ ಮೇಲಿನ ಗಾಲಿಗುರುತು ಮಾಯಲು ದಶಕಗಳು ಬೇಕಾಗುವುದರಿಂದ ರಸ್ತೆ ಬಿಟ್ಟು ವಾಹನ ಓಡಿಸುವುದನ್ನೇ ಕಾನೂನು ನಿಷೇಧಿಸಿದೆ. ಕಡೂರಿನ ಎರೆ, ಕೆಂಪು ಮಣ್ಣುಗಳು ಮರುಭೂಮಿಗಿಂತ ಬೇಗ ಚೇತರಿಸಿಕೊಂಡಾವು. ಆದರೆ ಪ್ರತಿ ಮಳೆಗಾಲಕ್ಕೂ ಹೊಸ ಗಾಡಿಗಳು ಬರುವಾಗ ಆ ಚೇತರಿಕೆಗೆ ಬಿಡುವೇ ಇಲ್ಲ.

ಬೆಟ್ಟದ ಕಡೆ ನೆಲದ ಜೊತೆಗೆ ಕಾನೂನೂ ಎದುರಾಗುತ್ತದೆ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಅಲ್ಲಿಯ ಮಣ್ಣಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ತೆಗೆದ ಈ ಬೆಟ್ಟದ ಕೆಂಪು ಜೇಡಿ ಒಣಗಿದಾಗ ಪುಡಿ, ನೆನೆದಾಗ ಜಾರುಬಂಡೆ. ಅಲ್ಲಿಂದ ಹೆಬ್ಬೆ ಜಲಪಾತದ ಕಡೆಗೆ ಇಳಿಯುವ ಕಚ್ಚಾ ದಾರಿ ಭದ್ರಾ ಹುಲಿ ಮೀಸಲಿನ ಕಾಡಿನೊಳಗಿದೆ, ಅರಣ್ಯ ಇಲಾಖೆಯ ವ್ಯವಸ್ಥೆಯ ಜೀಪುಗಳಲ್ಲಿ ಅಲ್ಲಿಗೆ ಹೋಗಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 27ನೇ ಸೆಕ್ಷನ್ನು ಅಭಯಾರಣ್ಯಕ್ಕೆ ಅನುಮತಿಯಿಲ್ಲದ ಪ್ರವೇಶವನ್ನು ತಡೆಯುತ್ತದೆ, ಕರ್ನಾಟಕ ಅರಣ್ಯ ಕಾಯ್ದೆ 1963 ಮೀಸಲು ಅರಣ್ಯದಲ್ಲಿ ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುತ್ತದೆ. ಗೂಗಲ್ ನಕ್ಷೆಯಲ್ಲಿ ದಾರಿ ಕಂಡಿತು ಎಂಬುದು ಅನುಮತಿಯಾಗುವುದಿಲ್ಲ. ಕೆಮ್ಮಣ್ಣುಗುಂಡಿ, ಕೊಡಚಾದ್ರಿ, ಮಾಂದಲಪಟ್ಟಿಯಂಥ ಬೆಟ್ಟಗಳಲ್ಲಿ ಜೀಪು ಓಡಿಸಿ ಬದುಕುವ ಸ್ಥಳೀಯರ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆ ಚಾಲಕರು ಒಂದೇ ಜಾಡಿನಲ್ಲಿ, ಪ್ರತಿ ಕಲ್ಲನ್ನೂ ಬಲ್ಲವರಾಗಿ, ಏಳೆಂಟು ಜನರನ್ನು ಒಂದೇ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ಅದೇ ಜನ ನಾಲ್ಕು ಸ್ವಂತ ಗಾಡಿಗಳಲ್ಲಿ ಹೋದರೆ ನೆಲದ ಮೇಲಿನ ಭಾರ ನಾಲ್ಕು ಪಟ್ಟು. ಹೀಗೆ ನೋಡಿದರೆ ಅವರ ದುಡಿಮೆ ಮತ್ತು ಬೆಟ್ಟದ ಹಿತ ಒಂದೇ ಕಡೆಗಿವೆ. ಆದರೂ ಆ ದಾರಿಗಳಿಗೂ ಗಾಡಿಗಳ ಸಂಖ್ಯೆಯ ಮಿತಿ ಬೇಕು, ಜೋರು ಮಳೆಯ ಮರುದಿನ ರಜೆ ಬೇಕು.

ಭದ್ರಾದ ವಿಷಯದಲ್ಲಿ ಇನ್ನೊಂದನ್ನು ಮರೆಯಬಾರದು. 1998ರಲ್ಲಿ ಹುಲಿ ಮೀಸಲಾದ ಈ ಕಾಡಿನೊಳಗಿನ 11 ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2000ದ ದಶಕದ ಆರಂಭದಲ್ಲಿ ಗದ್ದೆ, ಮನೆ, ದೇವರ ಬನ ಬಿಟ್ಟು ಹೊರಬಂದವು. ಅವರಲ್ಲಿ ಹೆಚ್ಚಿನವರು ನೆಲೆಸಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಕಾಡಿಗೆ ನೆಮ್ಮದಿ ಸಿಗಲೆಂದು ತಲೆಮಾರುಗಳ ಬದುಕನ್ನೇ ಎತ್ತಿಕೊಂಡು ಬಂದವರ ಊರಿನ ಮುಂದೆ ಹಾದು, ಅದೇ ಕಾಡಿನೊಳಗೆ ಮೋಜಿಗಾಗಿ ಎಂಜಿನ್ ಕಿರುಚಿಸುವುದನ್ನು ಯಾವ ಹಕ್ಕಿನ ಹೆಸರಿನಲ್ಲೂ ಸಮರ್ಥಿಸಲಾಗದು.

ಹಾಗಾದರೆ ಓಡಿಸುವುದೆಲ್ಲಿ? ಇದಕ್ಕೆ ಉತ್ತರವಿಲ್ಲದಿದ್ದರೆ ನಿಷೇಧದ ಮಾತು ಅರ್ಧ ಮಾತಾಗುತ್ತದೆ. ಕಳೆದ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿ ನಡೆದಾಗ ಕಾರುಗಳು ಓಡಿದ್ದು ಕಾಫಿ ತೋಟಗಳ ಒಳದಾರಿಗಳಲ್ಲಿ, ತೋಟದವರ ಒಪ್ಪಿಗೆಯಿಂದ. ಖಾಸಗಿ ತೋಟ, ಪಾಳುಬಿದ್ದ ಕಲ್ಲುಕ್ವಾರಿ, ಮಾಲೀಕರು ಬಾಡಿಗೆಗೆ ಕೊಡುವ ಬೆದ್ದಲು ಇಂಥ ಅಭ್ಯಾಸಕ್ಕೆ ಒದಗುತ್ತವೆ. ಅಮೆರಿಕದಲ್ಲಿ 1972ರ ಅಧ್ಯಕ್ಷೀಯ ಆದೇಶವೊಂದು ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳಿಗೆ ಎಲ್ಲಿ ಅವಕಾಶ, ಎಲ್ಲಿ ಇಲ್ಲ ಎಂದು ಗುರುತಿಸಲು ಇಲಾಖೆಗಳಿಗೆ ಹೇಳಿತು. ನಮ್ಮಲ್ಲಿಯೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂಥ ಜಾಗ ಗುರುತಿಸಿ, ಶುಲ್ಕ ಪಡೆದು, ಮಳೆಯಲ್ಲಿ ಮುಚ್ಚಿದರೆ ಕಾವಲಿನ ಮೇಲಿನ ಒತ್ತಡ ಇಳಿಯುತ್ತದೆ. ಗೋಮಾಳ ಯಾರದೂ ಅಲ್ಲ, ಆದ್ದರಿಂದ ಎಲ್ಲರದೂ ಎಂದು ವಾದಿಸುವವರು ಗೋಮಾಳದ ಹೆಸರನ್ನೇ ಮತ್ತೊಮ್ಮೆ ಓದಿಕೊಳ್ಳಬೇಕು.

ಹೋಗಲೇಬೇಕಾದ ಕೆಲಸಗಳಿರುತ್ತವೆ: ತೋಟದ ಮನೆಯ ರೋಗಿ, ಕರು ಹಾಕಲಾರದ ಹಸು, ಕೆಟ್ಟುನಿಂತ ಪಂಪ್‌ಸೆಟ್ಟು. ಅಂಥಲ್ಲಿ ಕಡಿಮೆ ಗಾಯ ಮಾಡುವ ವಿಧಾನಗಳು ಗೊತ್ತಿರಬೇಕು. ಅನುಮಾನವಿರುವ ಜಾಗವನ್ನು ಮೊದಲು ಇಳಿದು ನಡೆದು ನೋಡುವುದು. ಕಾಲು ಪಾದದ ಮೇಲಕ್ಕೆ ಹೂತರೆ ಗಾಡಿಯೂ ಹೂಳುತ್ತದೆ. ಮರಳು, ಸಡಿಲ ಕೆಂಪು ಮಣ್ಣಿನಲ್ಲಿ ಟೈರಿನ ಗಾಳಿಯನ್ನು 30ರ ಆಸುಪಾಸಿನಿಂದ 20 ಪಿಎಸ್ಐ ಸುತ್ತ ಇಳಿಸಿದರೆ ಟೈರು ಅಗಲವಾಗಿ ಹರಡಿ ಮೇಲೆಯೇ ತೇಲುತ್ತದೆ. ಮತ್ತೆ ಡಾಂಬರು ಹತ್ತುವ ಮುನ್ನ ಗಾಳಿ ತುಂಬಿಸದಿದ್ದರೆ ಟೈರು ಕಾದು ಒಡೆಯುವ ಅಪಾಯವಿರುವುದರಿಂದ ಗಾಳಿಪಂಪು ಜೊತೆಗಿರಬೇಕು. ಏರನ್ನು ಅಡ್ಡಡ್ಡ ಹತ್ತದೆ ನೇರವಾಗಿ ಹತ್ತಬೇಕು, ಅಡ್ಡ ಇಳಿಜಾರಿನಲ್ಲಿ ಜಾರಿದ ಗಾಡಿ ಮಗುಚುತ್ತದೆ. ಹಳ್ಳ ದಾಟುವುದು ದನ, ಬಂಡಿ ದಾಟುವ ಕಡೆಯಲ್ಲೇ. ನೀರು ಗಾಲಿಯ ಗುಂಭಕ್ಕಿಂತ ಮೇಲಿದ್ದರೆ, ಅಥವಾ ಕೆಂಪಗೆ ರಭಸದಿಂದ ಬರುತ್ತಿದ್ದರೆ, ಎಷ್ಟೇ ಎತ್ತರದ ಗಾಡಿಯಾದರೂ ದಡದಲ್ಲಿ ಕಾಯಬೇಕು. ವೇದಾವತಿಯಂಥ ಬಯಲಿನ ಹೊಳೆಗೆ ಬೆಟ್ಟದ ಮಳೆಯ ನೀರು ಬರುವಾಗ ಇಲ್ಲಿ ಬಿಸಿಲಿರಬಹುದು. ಹೂತುಕೊಂಡಾಗ ಆಕ್ಸಿಲರೇಟರ್ ತುಳಿಯುವುದನ್ನು ಕೂಡಲೇ ನಿಲ್ಲಿಸಬೇಕು. ಸಲಿಕೆಯಿಂದ ಗಾಲಿಯ ಮುಂದಿನ ಮಣ್ಣು ಬಿಡಿಸಿ, ಹಲಗೆ ಇಟ್ಟು, ನಿಧಾನವಾಗಿ ಹೊರಬರಬೇಕು. ಹಗ್ಗ ಹಾಕಿ ಎಳೆಸುವಾಗ ಛಾಸಿಗೆ ಭದ್ರವಾಗಿ ಕೂಡಿಸಿದ ಕೊಂಡಿಗೇ ಕಟ್ಟಬೇಕು. ಟ್ರೇಲರ್ ಕೂಡಿಸುವ ಟೋ ಬಾಲಿಗೆ ಕಟ್ಟಿದ ಹಗ್ಗ ಅದನ್ನು ಕಿತ್ತು ಗುಂಡಿನಂತೆ ಹಾರಿಸಿದರೆ ಪ್ರಾಣವೇ ಹೋಗುತ್ತದೆ, ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನ ನಿಲ್ಲಬೇಕು.

ಗಾಡಿ ಹೊರಗೆ ಬಂದ ಮೇಲೆ ಸಲಿಕೆಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ತೋಡಿದ ಗುಂಡಿಗಳಿಗೆ ಅದೇ ಮಣ್ಣನ್ನು ಎಳೆದು, ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಬೇರು ಕೆಳಗಾಗಿ ಕೂರಿಸಿ, ಕಾಲಿನಿಂದ ಮೆಲ್ಲಗೆ ಒತ್ತಬೇಕು. ಜಾಡು ಇಳಿಜಾರಿನಲ್ಲಿದ್ದರೆ ಅದಕ್ಕೆ ಅಡ್ಡಲಾಗಿ, ತುಸು ಓರೆಯಾಗಿ, ಗೇಣೆತ್ತರದ ಮಣ್ಣಿನ ಬದು ಹಾಕಬೇಕು. ಮುಂದಿನ ಮಳೆಯ ನೀರು ಗಾಲಿಯ ಗೆರೆ ಹಿಡಿಯದೆ ಆ ಬದುವಿಗೆ ತಾಗಿ ಪಕ್ಕದ ಹುಲ್ಲಿಗೆ ತಿರುಗಿಕೊಳ್ಳುತ್ತದೆ.